ನಿಂತವ್ವನ ಗುಡ್ಡ

ಬೆಟ್ಟದಲ್ಲೂ ಬಯಲಲ್ಲೂ ತುಂಬಿ ನಿಂತ ತಾಯಿಗೆ ಮೊದಲು ಶರಣು. ನುಡಿ ಅವಳದು, ತಪ್ಪಿದ್ದರೆ ನನ್ನದು.

ನಮ್ಮೂರ ಮೂಡಣದ ಬೋಳು ಗುಡ್ಡಕ್ಕೆ ನಲವತ್ತೊಂದು ಮೆಟ್ಟಿಲು, ಮೇಲೆ ಅವ್ವನ ಗುಡಿ. ಇಪ್ಪತ್ತನೆಯದನ್ನು ಯಾರೂ ತುಳಿಯುವುದಿಲ್ಲ. ಹಾಡುತ್ತ ಕುಣಿಯುತ್ತ ಏರುವ ಹೆಂಗಸರೂ ಅದನ್ನು ದಾಟಿಯೇ ಹೆಜ್ಜೆ ಹಾಕುತ್ತಾರೆ. ಹಿಂದೆಲ್ಲ ಅವ್ವನ ಪೂಜೆಯ ದಿನ ಕೆಳಗೇರಿಯ ಹೆಂಗಸರು ಮೆಟ್ಟಿಲು ಹತ್ತುವಂತಿರಲಿಲ್ಲವಂತೆ. ಗೌಡರ ಮನೆಯವರು ಮೆಟ್ಟುವ ಕೆರಗಳನ್ನು ತಲೆಯ ಮೇಲೆ ಹೊತ್ತು ತಪ್ಪಲಲ್ಲೇ ಕುಣಿಯಬೇಕಿತ್ತು. ಅವರು ಕರೆಯುವ ಪದ ಹಾಡಿದರೆ ಅವ್ವ ಗುಡಿಯಿಂದ ಇಳಿದು ಬರುತ್ತಾಳೆ, ಕಳಿಸುವ ಪದ ಹಾಡಿದರೆ ಮರಳಿ ಗುಡಿ ಸೇರುತ್ತಾಳೆ ಎನ್ನುತ್ತಾರೆ. ಎಲ್ಲ ಕೇರಿಯ ಮಕ್ಕಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಶಾಲೆ ನಡೆಸುತ್ತಿದ್ದ ಮರುಳಯ್ಯ ಮೇಷ್ಟ್ರಿಗೆ ಒಂದು ವರ್ಷ ಆ ಕೆರದ ಹೊರೆ ನೋಡಿ ತಡೆಯಲಾಗಲಿಲ್ಲ. ಕರೆಯುವ ಪದ ಆಗಷ್ಟೇ ಮುಗಿದಿತ್ತು. ಅವರು ನುಗ್ಗಿ ಕೆರಗಳನ್ನು ಕಿತ್ತೆಸೆದು, "ಇನ್ನು ಈ ಹಾಡೂ ಬೇಡ, ಕುಣಿತವೂ ಬೇಡ" ಎಂದು ತಮಟೆ ನಿಲ್ಲಿಸಿಬಿಟ್ಟರು.

ಅಂದಿನಿಂದ ಗುಡ್ಡದ ಮೇಲೆ ಹಕ್ಕಿ ಕೂರಲಿಲ್ಲ. ದನಗಳು ತಪ್ಪಲಿನವರೆಗೆ ಬಂದು, ಮೆಟ್ಟಿಲ ನಡುವನ್ನೇ ದಿಟ್ಟಿಸಿ ಹಿಂದೆ ಸರಿದವು. ಗುಡಿಯಲ್ಲಿ ಹಚ್ಚಿದ ದೀಪ ನಿಲ್ಲಲಿಲ್ಲ. ಇಪ್ಪತ್ತನೆಯ ಮೆಟ್ಟಿಲು ತುಳಿದ ಪೂಜಾರಿ ಮೂರೇ ದಿನಕ್ಕೆ ತೀರಿಕೊಂಡ. ಇದೆಲ್ಲ ಜನರ ಭ್ರಮೆ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ಒಂದು ಬೆಳಿಗ್ಗೆ ಮಗ್ಗಿ ಹೇಳುತ್ತಿದ್ದ ಮಕ್ಕಳು ಇಪ್ಪತ್ತಕ್ಕೆ ಬಂದು, ಒಟ್ಟಿಗೇ ಸುಮ್ಮನಾಗಿ ಗುಡ್ಡದ ಕಡೆ ತಿರುಗಿದಾಗ ಅವರು ಪುಸ್ತಕ ಮುಚ್ಚಿ ಕೆಳಗೇರಿಗೆ ನಡೆದರು.

ಅಲ್ಲಿ ಕಳಿಸುವ ಪದ ಬಲ್ಲವಳು ದೊಡ್ಡೀರಜ್ಜಿ ಒಬ್ಬಳೇ. ಅವಳಿಗೂ ಇಂದೋ ನಾಳೆಯೋ ಎಂಬಂತಿತ್ತು. ಮೇಷ್ಟ್ರು ಅವಳ ಗುಡಿಸಲ ಮುಂದೆ ನೆಲದ ಮೇಲೆ ಕೂತರು.

"ಕೆರ ಇಳಿಸಿದ್ದು ಸರಿ ಬುದ್ಧಿ. ಬಾಯಿ ಯಾಕೆ ಮುಚ್ಚಿಸಿದ್ರಿ? ಕರೆದವಳನ್ನ ನಡುದಾರೀಲಿ ನಿಲ್ಲಿಸ್ಬುಟ್ರಲ್ಲ" ಎಂದಳು ಅಜ್ಜಿ.

"ತಪ್ಪಾಯ್ತು ಅಜ್ಜಿ. ಕಳಿಸಿಕೊಡು."

"ತಪ್ಪಲಲ್ಲಿ ನಿಂತು ಇನ್ನು ಹಾಡಾಕಿಲ್ಲ. ನಮ್ಮನ್ನ ಗುಡಿ ಬಾಗಿಲ ತನಕ ಕರ್ಕೊಂಡೋಗಿ. ನಿಮ್ಮ ಗೌಡರು ಬುಡ್ತಾರಾ, ಕೇಳ್ಕಂಡು ಬನ್ನಿ!" ಎಂದು ನಕ್ಕು ಕೆಮ್ಮಿದಳು.

ಮೇಷ್ಟ್ರು ಯಾರನ್ನೂ ಕೇಳಲಿಲ್ಲ. ಹದಿನೈದು ದಿನ ಕೇರಿಯ ಹೆಣ್ಣುಮಕ್ಕಳನ್ನು ಅಜ್ಜಿಯ ಮುಂದೆ ಕೂರಿಸಿ ಅವಳಿಂದ ಪದವನ್ನೂ ಹೆಜ್ಜೆಯನ್ನೂ ಕಲಿಸಿದರು. ಆಮೇಲೆ ಒಂದು ಮಟಮಟ ಮಧ್ಯಾಹ್ನ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿದರು. ಹಿಂದೆ ಹೆಣ್ಣುಮಕ್ಕಳು ಕುಣಿಯುತ್ತ ಬಂದರು. ಅಡ್ಡ ನಿಂತು ಕೋಲೆತ್ತಿದ ಗೌಡರು, ಯಾರೂ ಇಲ್ಲದ ಇಪ್ಪತ್ತನೆಯ ಮೆಟ್ಟಿಲಿನಿಂದ ಗೆಜ್ಜೆಯ ದನಿ ಎದ್ದದ್ದು ಕೇಳಿ ಕೋಲು ಇಳಿಸಿದರು. ಮೆಟ್ಟಿಲಿಗೊಂದು ಸಾಲಿನಂತೆ ಪದ ಏರಿತು. ಗೆಜ್ಜೆ ಅದರ ಮುಂದೆ ಮುಂದೆ ನಡೆಯಿತು. ಹೊಸ್ತಿಲಲ್ಲಿ, ಇನ್ನೊಂದೇ ಸಾಲು ಉಳಿದಿರುವಾಗ, ಬೆನ್ನ ಮೇಲಿನ ಅಜ್ಜಿ ಇದ್ದಕ್ಕಿದ್ದಂತೆ ಭಾರವಾದಳು; ಅವಳ ಉಸಿರು ನಿಂತಿತ್ತು. ಹೆಣ್ಣುಮಕ್ಕಳು ಬೆದರಿ ತಡವರಿಸಿದರು. ಅಂದು ತಮಟೆ ನಿಲ್ಲಿಸಿದ ಮೇಷ್ಟ್ರೇ ಕಣ್ಣೀರು ಸುರಿಸುತ್ತ, "ನಿಲ್ಲಿಸಬೇಡಿ ತಾಯಂದಿರಾ, ಹಾಡಿ!" ಎಂದು ಕೂಗಿದರು. ಹೆಣ್ಣುಮಕ್ಕಳು ಹಾಡಿ ಮುಗಿಸಿದರು. ಒಳಗೆ ದೀಪ ಅಲುಗದೆ ನಿಂತಿತು.

ಇಂದಿಗೂ ಎಂಥ ಮಳೆ ಬಂದರೂ ಇಪ್ಪತ್ತನೆಯ ಮೆಟ್ಟಿಲ ಮೇಲೆ ಎರಡು ಪಾದದಷ್ಟು ಜಾಗ ಒಣಗಿಯೇ ಇರುತ್ತದೆ. ಹಾಡು ಎಲ್ಲಾದರೂ ಮುಗ್ಗರಿಸಿದರೆ ಕುಣಿಯುವವರ ಕಣ್ಣು ಮೊದಲು ಅತ್ತ ಹೋಗುತ್ತದೆ. ಇದನ್ನು ಕೇಳಿದ ನಿಮ್ಮೆಲ್ಲರ ಮನೆಯಲ್ಲಿ ಎತ್ತಿದ ಹಾಡು ನಡುವೆ ಮುರಿಯದಿರಲಿ, ಕರೆದ ತಾಯಿ ಸಂತೋಷದಿಂದ ಮರಳಲಿ.