ಬಾಳೆಕರೆಯ ಗ್ಲೌಸು

"ಗುರುಗಳೇ, ನನ್ನ ಮಾತಿಗೆ ಯಾರೂ ಎದುರಾಡದ ದಿನ ಯಾವಾಗ ಬರುತ್ತದೆ?"

ಕೇಳಿದವನು ನಾನೇ. ಹಳೆಯ ಆಟದ ಸಾಮಾನನ್ನು ಗುರುತಿಸಿ ಬೆಲೆ ಕಟ್ಟುವ ವಿದ್ಯೆಗಾಗಿ ಅಂದಾನಪ್ಪ ಗುರುಗಳ ಬಳಿ ಸೇರಿ ನನಗೆ ಎರಡು ವರ್ಷವಾಗಿತ್ತು. ಜೊತೆಗಿದ್ದ ಇಬ್ಬರು ಶಿಷ್ಯರು ಪೇಟೆಯವರು, ಭೂತಗನ್ನಡಿ ಇಲ್ಲದೆ ಒಂದು ಹೊಲಿಗೆ ಎಣಿಸಲಾರರು. ನಾನು ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ಮನೆಯಲ್ಲಿ ಹುಟ್ಟಿದವನು. ತೊಗಲು ಮೂಸಿದರೆ ಸಾಕು, ಗ್ಲೌಸು ಯಾವ ಕಾಲದ್ದೆಂದು ಹೇಳಬಲ್ಲೆ. ಅಂದು ಬೆಳಿಗ್ಗೆ ಗುರುಗಳು ಹನ್ನೊಂದು ಜೊತೆ ಕ್ರಿಕೆಟ್ ಕೀಪರ್ ಗ್ಲೌಸು ಮುಂದಿಟ್ಟಿದ್ದರು. ಹನ್ನೊಂದಕ್ಕೆ ಹನ್ನೊಂದನ್ನೂ ಸರಿಯಾಗಿ ಹೇಳಿದ್ದೆ. ಆದರೂ ಒಬ್ಬ ಗಿರಾಕಿ, "ಇನ್ನೊಂದ್ಸಲ ನೋಡಪ್ಪಾ" ಅಂದಿದ್ದ. ಅದು ನನ್ನ ಮೈ ಉರಿಸಿತ್ತು.

"ಗ್ಲೌಸಿಗೂ ಹಲ್ಲು ಇರ್ತಾವೇನೋ ಗೌಡಾ?" ಎಂದು ಜೊತೆಯ ವಿರೂಪಾಕ್ಷ ಕೆಣಕಿದ.

"ಇರ್ತಾವ. ನಿನಗೆ ಕಾಣಂಗಿಲ್ಲ ಬಿಡು," ಎಂದೆ.

ಗುರುಗಳು ನಗಲಿಲ್ಲ. ಕೈಯಲ್ಲಿದ್ದ ಗ್ಲೌಸನ್ನು ಕೆಳಗಿಟ್ಟು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೆಲೆಗಾರನಿದ್ದ. ಹಳೆಯ ಗ್ಲೌಸುಗಳನ್ನು ಗುರುತಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಹೊಲಿಗೆ ನೋಡಿ ಹೊಲಿದ ಊರು ಹೇಳುತ್ತಿದ್ದ. ಒಳಗಿನ ಬಟ್ಟೆಯ ಮೇಲೆ ಬೆವರಿನ ಉಪ್ಪು ಎಲ್ಲಿ ಕಟ್ಟಿದೆ ಎಂದು ನೋಡಿ ತೊಟ್ಟವನ ಬೆರಳಿನ ಉದ್ದ ಹೇಳುತ್ತಿದ್ದ. ಅಸಲಿಯಾದರೆ ಚೀಟಿ ಬರೆದು ದಾರದಲ್ಲಿ ಕಟ್ಟಿ ಕೊಡುತ್ತಿದ್ದ. ನಕಲಿಯಾದರೆ ಅದರ ಹೆಬ್ಬೆರಳನ್ನು ಕತ್ತರಿಸಿ ಕೊಡುತ್ತಿದ್ದ. ಮುಂದೆ ಯಾರೂ ಅದನ್ನು ತೋರಿಸಿ ಮೋಸ ಮಾಡಬಾರದೆಂದು ಅವನೇ ಮಾಡಿಕೊಂಡ ಕಟ್ಟಳೆ ಅದು. ಅವನ ಅಂಗಡಿ ಹೊಕ್ಕವರೆಲ್ಲ ಅದಕ್ಕೆ ಒಪ್ಪಿಯೇ ಒಳಗೆ ಬರಬೇಕು. ಇನ್ನೊಮ್ಮೆ ನೋಡಿ ಎಂದವರ ಸಾಮಾನನ್ನು ಹೊಸ್ತಿಲ ಆಚೆ ಇಡುತ್ತಿದ್ದ. ಅಂಥವರು ಮತ್ತೆ ಆ ಹೊಸ್ತಿಲು ದಾಟುವಂತಿರಲಿಲ್ಲ.

ಒಂದು ದಿನ ಒಬ್ಬ ವ್ಯಾಪಾರಿ ಒಂದು ಜೊತೆ ಗ್ಲೌಸು ತಂದ. ಅದೇ ಊರಿನ ಹೆಸರಾಂತ ಕೀಪರ್ ಒಬ್ಬನವು ಅವು ಎಂದ. ಆ ಕೀಪರ್ ಬಡವ. ಬಾಳಿನುದ್ದಕ್ಕೂ ಒಂದೇ ಜೊತೆ ತೊಟ್ಟು ಆಡಿದವನು. ಎಡಗೈಯ ಕಿರುಬೆರಳು ಚೆಂಡಿನ ಪೆಟ್ಟಿಗೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ವೇಗದ ಚೆಂಡಿನ ಪೆಟ್ಟು ತಾಳಲು ಅಂಗೈಗೆ ಬಾಳೆಪಟ್ಟೆ ಇಟ್ಟುಕೊಂಡು ಗ್ಲೌಸು ಹಾಕುತ್ತಿದ್ದ. ಇದೆಲ್ಲ ಊರಿಗೆ ಗೊತ್ತಿದ್ದ ಮಾತು.

ಬೆಲೆಗಾರ ನೋಡಿದ. ಕಿರುಬೆರಳು ಸೊಟ್ಟಗಿತ್ತು. ಒಳಬಟ್ಟೆಯಲ್ಲಿ ಕಂದು ಕರೆ ಇತ್ತು. ಅಂಗಡಿಯ ತುಂಬ ಜನ ನಿಂತು ಅವನ ಬಾಯನ್ನೇ ನೋಡುತ್ತಿದ್ದರು. ಒದ್ದೆ ಬಟ್ಟೆಯಿಂದ ಆ ಕರೆಯನ್ನು ಒಮ್ಮೆ ಒರೆಸಿ ನೋಡಬೇಕಿತ್ತು. ಅಷ್ಟು ಜನರ ಮುಂದೆ ಅನುಮಾನ ಇದ್ದವನಂತೆ ಕಾಣಲು ಅವನಿಗೆ ಮನಸ್ಸಾಗಲಿಲ್ಲ. 'ಇಂಥವನು ತೊಟ್ಟ ಒಂದೇ ಜೊತೆ' ಎಂದು ಚೀಟಿ ಬರೆದು ಕಟ್ಟಿದ.

ಮರುದಿನ ಆ ಕೀಪರ್ ಬಂದು ಹೊಸ್ತಿಲ ಆಚೆ ನಿಂತ. "ಸಾಹುಕಾರ್ರೇ, ಅವು ನನ್ನವಲ್ಲ. ನನ್ನವನ್ನ ಒಬ್ಬ ಆಟಗಾರ ಎರವಲು ಒಯ್ದಾನ, ತಂದು ಕೊಡ್ತಾನ. ನೀವು ಇನ್ನೊಂದ್ಸಲ ನೋಡ್ರಿ," ಎಂದ.

"ನಾನು ಎರಡು ಸಲ ನೋಡುವವನಲ್ಲ," ಎಂದು ಬೆಲೆಗಾರ ಬಾಗಿಲು ಹಾಕಿಕೊಂಡ.

ಎರವಲು ಹೋದ ಆ ಅಸಲಿ ಗ್ಲೌಸನ್ನು ಕೊಳ್ಳಲು ಹಿಂದೆ ಕೀಪರನ ಹೆಂಡತಿ ತನ್ನ ಕೈಬಳೆ ಮಾರಿದ್ದಳು. ಸತ್ತರೂ ಇವನ್ನು ಮಾರುವುದಿಲ್ಲ ಎಂದು ಅವನು ಅವಳಿಗೆ ಆಣೆ ಮಾಡಿದ್ದ. ಈಗ ಅವನ್ನು ಮಾರಿಬಿಟ್ಟನೆಂದುಕೊಂಡು ಅವಳು ಚೀಟಿಯನ್ನು ನಂಬಿದಳು, ಗಂಡನನ್ನು ನಂಬಲಿಲ್ಲ. ಅಂದಿನಿಂದ ಅವನಿಗೆ ಅನ್ನ ಬಡಿಸಿದಳೇ ಹೊರತು ಒಂದು ಮಾತನ್ನೂ ಆಡಲಿಲ್ಲ. ಮೂರು ವರ್ಷ ಹಾಗೆಯೇ ಕಳೆಯಿತು. ಅವನು ಸತ್ತಾಗಲೂ ಅವಳು ಬಾಯಿ ತೆರೆದು ಅಳಲಿಲ್ಲ.

ಹತ್ತು ವರ್ಷದ ಮೇಲೆ ಒಂದು ಮಧ್ಯಾಹ್ನ ಕೀಪರನ ಮಗಳು ಬೆಲೆಗಾರನ ಅಂಗಡಿಗೆ ಬಂದಳು. ಸೆರಗಿನಲ್ಲಿ ಒಂದು ಜೊತೆ ಗ್ಲೌಸಿತ್ತು.

"ಎರವಲು ಒಯ್ದವರು ದೂರದ ಊರಿಂದ ಬಂದು ಕೊಟ್ಟು ಹೋದ್ರು. ನಮ್ಮವ್ವ ಹಾಸಿಗಿ ಹಿಡಿದಾಳ್ರಿ. ಇನ್ನೆಷ್ಟು ದಿನವೋ ಗೊತ್ತಿಲ್ಲ. ನಾ ಎಷ್ಟು ಹೇಳಿದ್ರೂ ನಂಬವಲ್ಲಳು. ಅಂದು ಸಾಹುಕಾರ್ರ ಮಾತು ನಂಬೀನಿ, ಇಂದೂ ಅವರು ಹೇಳಿದ್ರ ನಂಬ್ತೀನಿ ಅಂತಾಳ. ಇವು ಅಪ್ಪನವು ಹೌದಂದ್ರ, ಸಾಯೋ ಮೊದಲು ಅವನ ಪಟದ ಮುಂದ ಕೂತು ಒಂದು ಮಾತು ಆಡ್ತಾಳಂತ."

ಬೆಲೆಗಾರ ಗ್ಲೌಸನ್ನು ತೆಗೆದುಕೊಂಡ. ಎಡಗೈಯ ಕಿರುಬೆರಳಿನೊಳಗೆ ತನ್ನ ಬೆರಳು ಇಳಿಸಿದ. ಮಧ್ಯದ ಗೆಣ್ಣಿನಲ್ಲಿ ಅದು ಪಕ್ಕಕ್ಕೆ ಹೊರಳಿತು. ಒಳಬಟ್ಟೆಯನ್ನು ಹೊರಳಿಸಿದ. ಅಂಗೈಯ ಅಗಲಕ್ಕೂ ಕರೆ. ಬಟ್ಟೆಯ ತುದಿಯನ್ನು ನೀರಿನಲ್ಲಿ ಅದ್ದಿ ಒರೆಸಿದ. ಹೋಗಲಿಲ್ಲ. ಬಲವಾಗಿ ಉಜ್ಜಿದ. ಕರೆ ಕದಲಲಿಲ್ಲ, ಒದ್ದೆ ಬಟ್ಟೆ ಬೆಳ್ಳಗೇ ಉಳಿಯಿತು.

ನಕಲಿ ಮಾಡುವವರು ಹಚ್ಚುವ ಚಹಾದ ಕರೆ ನೀರಿಗೆ ಬಿಡುತ್ತದೆ. ಬಾಳೆಯ ಕರೆ ಬಟ್ಟೆ ಹರಿದರೂ ಬಿಡದು. ಇದು ಅಡುಗೆಮನೆಯಲ್ಲಿ ಬಾಳೆಕಾಯಿ ಹೆಚ್ಚಿದ ಯಾವ ಹೆಂಗಸಿಗೂ ಗೊತ್ತು.

ವ್ಯಾಪಾರಿಯ ಗ್ಲೌಸಿಗೆ ತಾನು ಕಟ್ಟಿದ ಚೀಟಿ ಬೆಲೆಗಾರನ ಕಣ್ಣ ಮುಂದೆ ಬಂತು. ಆ ಚೀಟಿಯ ಬೆನ್ನಿಗೆ ಉಳಿದ ಚೀಟಿಗಳೆಲ್ಲ ಬಂದವು. ಇವು ಹೌದು ಎಂದರೆ ಅವು ಅಲ್ಲ ಎಂದಾಯಿತು. ಅದೊಂದು ಸುಳ್ಳಾದರೆ ಯಾವುದು ನಿಜ ಎಂದು ಊರು ಕೇಳುತ್ತದೆ. ನಾಳೆ ಸಂಜೆಯೊಳಗೆ ಕೊಂಡವರೆಲ್ಲ ಗ್ಲೌಸು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಮಾತಾಡದ ಮನೆಯಲ್ಲಿ ಮೂರು ವರ್ಷ ಉಂಡು ಸತ್ತವನನ್ನು ಕೊಂದವರು ಯಾರು ಎಂದೂ ಯಾರಾದರೂ ಕೇಳಬಹುದು.

"ನಕಲಿ," ಎಂದ.

ಹುಡುಗಿ ತಲೆ ತಗ್ಗಿಸಿದಳು.

ಇನ್ನು ಕಟ್ಟಳೆ ಇತ್ತು. ಕತ್ತರಿಸದೆ ಕೊಟ್ಟರೆ ಯಾಕೆ ಕತ್ತರಿಸಲಿಲ್ಲ ಎಂಬ ಮಾತು ಬರುತ್ತದೆ. ಬೆಲೆಗಾರ ಕತ್ತರಿ ತೆಗೆದ. ತೆಗೆದವನು ಕೂಡಲೇ ಕತ್ತರಿಸಲಿಲ್ಲ. ಇವಳು ಇನ್ನೊಮ್ಮೆ ನೋಡಿ ಎನ್ನಲಿ ಎಂದು ಕಾದ. ಒಂದು ಸಲ ಅಂದರೆ ಸಾಕು, ಮತ್ತೆ ನೋಡಿದಂತೆ ಮಾಡಿ ನಿಜ ಹೇಳಿಬಿಡುತ್ತೇನೆ, ಆದದ್ದಾಗಲಿ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡ. ಬದುಕಿನಲ್ಲಿ ಮೊದಲ ಸಲ ಆ ಮಾತಿಗಾಗಿ ಅವನ ಕಿವಿ ಹಸಿದಿತ್ತು. ಕತ್ತರಿಯ ಬಾಯಿ ತೆರೆದು ಹೆಬ್ಬೆರಳಿನ ಬುಡಕ್ಕೆ ತಂದ. ಮತ್ತೆ ಕಾದ.

ಅವನ ಕೈ ನಡುಗುವುದನ್ನು ಹುಡುಗಿ ನೋಡಿದಳು. ಹಳೆಯ ತೊಗಲು, ಮುದುಕರ ಕೈಗೆ ಗಟ್ಟಿಯಾಗುತ್ತದೆ ಅಂದುಕೊಂಡಳು. ಎರಡು ಹೆಜ್ಜೆ ಮುಂದೆ ಬಂದು, ಕತ್ತರಿಸಲು ಸಲೀಸಾಗಲೆಂದು ಗ್ಲೌಸನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಟ್ಟಳು.

ಬೆಲೆಗಾರ ಕತ್ತರಿಸಿದ.

ಮಗಳು ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು. ತಾಯಿ ಗೋಡೆಯ ಕಡೆಗೆ ಹೊರಳಿದಳು. ಎರಡು ದಿನದಲ್ಲಿ ತೀರಿಕೊಂಡಳು. ಪಟದ ಮುಂದೆ ಯಾರೂ ಕೂರಲಿಲ್ಲ. ಬೆಲೆಗಾರ ಇನ್ನೂ ಬಹಳ ವರ್ಷ ಬದುಕಿದ. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಬೆಚ್ಚಿ ಏಳುತ್ತಿದ್ದ. ಬಂದವರೆಲ್ಲ ಕೈಮುಗಿದು, ಚೀಟಿ ತೆಗೆದುಕೊಂಡು, ಸುಮ್ಮನೆ ಹೋಗುತ್ತಿದ್ದರು. ಅವನ ಭಯ ಇನ್ನೂ ಹೆಚ್ಚುತ್ತಿತ್ತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ನನಗೆ ತಡೆಯಲಾಗಲಿಲ್ಲ. ನಮ್ಮ ಊರಿನ ಹೆಣ್ಣುಮಕ್ಕಳಾಗಿದ್ದರೆ ಆ ಕತ್ತರಿ ಕಿತ್ತುಕೊಂಡು ಅವನ ಕೈಗೇ ಹಚ್ಚುತ್ತಿದ್ದರು ಎಂದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, "ಅವಳು ಒಂದೇ ಒಂದು ಮಾತು ಕೇಳಬಹುದಿತ್ತಲ್ಲ ಗುರುಗಳೇ," ಎಂದೆ.

ಗುರುಗಳು ನನ್ನ ಮುಖವನ್ನೇ ನೋಡಿ ಹೇಳಿದರು:

"ಕೇಳುವ ರೂಢಿಯನ್ನು ಆ ಊರಿನಿಂದ ಬಿಡಿಸಿದವನು ಅವನೇ."