ಎರಡನೆಯ ಬುಟ್ಟಿ

"ಬುದ್ಧೀ, ನಮಗೆ ಒಳ್ಳೆಯದು ಮಾಡಿದವರಲ್ಲಿ ಒಂದು ತಪ್ಪು ಕಂಡರೆ ಹೇಳಬೇಕೋ, ಅವರ ಉಪಕಾರ ನೆನೆದು ಸುಮ್ಮನಿರಬೇಕೋ?" ಎಂದು ಶಿಷ್ಯ ನಿಜಗುಣ ಗುರುಗಳನ್ನು ಕೇಳಿದ.

ದಿನಾ ಪಾಠ ಮುಗಿದ ಕೂಡಲೇ "ಬಂಗಾರದಂಥ ಪಾಠ ಬುದ್ಧೀ" ಎಂದು ಕೈ ಮುಗಿದು ಏಳುವುದು ಅವನ ರೂಢಿ. ಅಂದು ಏಳಲಿಲ್ಲ.

"ಯಾರಪ್ಪ ಆ ಒಳ್ಳೆಯದು ಮಾಡಿದವರು?" ಎಂದರು ಗುರುಗಳು.

"ಹೀಗೇ, ಒಬ್ಬರು," ಎಂದು ನಿಜಗುಣ ನೆಲ ನೋಡಿದ.

ಗುರುಗಳು ಮುಂದೆ ಕೆದಕಲಿಲ್ಲ. ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೆ ಎರಡು ತುಂಡು ಹೊಲ. ಮೇಲಿನದು ಬಾವಿಯ ಪಕ್ಕದಲ್ಲಿ, ನಾಲ್ಕು ಚಾಪೆ ಹಾಸಿದರೆ ಮುಗಿಯಿತು. ಕೆಳಗಿನದು ದೊಡ್ಡದು. ಆದರೆ ಅಲ್ಲಿ ಕಲ್ಲು ಬಿಟ್ಟರೆ ಬೇರೇನೂ ಹುಲುಸಾಗಿ ಬೆಳೆಯುತ್ತಿರಲಿಲ್ಲ.

ಹೊಲದ ಹತ್ತಿರವೇ ಪಟ್ಟಣದ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕವಿತ್ತು. ನೀರು ತಿಳಿಯಾಗಿ ಹರಿದುಹೋದ ಮೇಲೆ ತಳದಲ್ಲಿ ಕೂತ ರಾಡಿಯನ್ನು ಅಲ್ಲಿ ಒಣಗಿಸುತ್ತಿದ್ದರು. ಒಣಗಿದರೆ ಅದು ಕಪ್ಪು ಪುಡಿ, ಒಳ್ಳೆಯ ಗೊಬ್ಬರ. ಕೇಳಿದವರಿಗೆ ಪುಕ್ಕಟೆ. ಕೇಳುವವರೇ ಇರಲಿಲ್ಲ. ಇಡೀ ಪಟ್ಟಣ ಬೆಳಿಗ್ಗೆ ಎದ್ದು ಕಳಿಸಿಕೊಟ್ಟದ್ದನ್ನು ಹೊಲಕ್ಕೆ ಹಾಕುವುದೇ ಎಂದು ಎಲ್ಲರೂ ಮೂಗು ಹಿಡಿದರು. ಘಟಕದ ಮೇಸ್ತ್ರಿ ಈ ರೈತನನ್ನು ಕರೆದು, "ಮೂಗು ಬಿಡಿ ಯಜಮಾನ್ರೇ, ಒಂದು ಸಲ ಹಾಕಿ ನೋಡಿ," ಎಂದು ತಾನೇ ನಿಂತು ಟ್ರಾಕ್ಟರಿಗೆ ತುಂಬಿಸಿದ.

ಆ ವರ್ಷ ಕೆಳಗಿನ ಹೊಲದಲ್ಲಿ ಸೌತೆಬಳ್ಳಿ ಕಲ್ಲು ಕಾಣದ ಹಾಗೆ ಹಬ್ಬಿತು. ಮನೆಯಲ್ಲಿ ಮೂರು ಹೊತ್ತೂ ಒಲೆ ಉರಿಯಿತು. ರೈತ ಒಂದು ನೇಮ ಹಿಡಿದ. ಮೊದಲ ಕೊಯ್ಲಿನ ಬುಟ್ಟಿ ಮೇಸ್ತ್ರಿಗೆ ಮುಟ್ಟುವ ತನಕ ಮನೆಯಲ್ಲಿ ಯಾರೂ ಒಂದು ಮಿಡಿಯನ್ನೂ ಕಚ್ಚುವಂತಿಲ್ಲ. ಮೇಸ್ತ್ರಿ ಬುಟ್ಟಿಯಿಂದ ಒಂದು ಕಾಯಿ ತೆಗೆದು, ಅಂಗಿಗೆ ಒರೆಸಿ, ನಿಂತಲ್ಲೇ ಕಚ್ಚುವನು. "ಹೊಲ ಹೇಗಿದೆ?" ಎಂದು ಕೇಳುವನು. "ನಿಮ್ಮ ದಯದಿಂದ ಬಂಗಾರ," ಎಂದು ರೈತ ಕೈ ಮುಗಿಯುವನು. ಮೂರು ವರ್ಷ ಹೀಗೇ ನಡೆಯಿತು.

ನಾಲ್ಕನೆಯ ವರ್ಷ ಪಟ್ಟಣಕ್ಕೆ ಒಂದು ಕಾರ್ಖಾನೆ ಬಂತು. ನಲ್ಲಿ, ಚಿಲಕಗಳಿಗೆ ಹೊಳಪಿನ ಲೇಪ ಹಾಕುವುದು ಅದರ ಕೆಲಸ. ತೊಳೆದ ವಿಷದ ನೀರನ್ನು ಅವರು ಸದ್ದಿಲ್ಲದೆ ಒಳಚರಂಡಿಗೆ ಬಿಟ್ಟರು. ಘಟಕ ನಾತವನ್ನು ಕಳೆಯಬಲ್ಲದು, ರೋಗದ ಕ್ರಿಮಿಯನ್ನು ಕೊಲ್ಲಬಲ್ಲದು. ನೀರಿನಲ್ಲಿ ಕರಗಿ ಬಂದ ಲೋಹವನ್ನು ಏನು ಮಾಡೀತು? ಅದು ರಾಡಿಯಲ್ಲಿ ಕೂತು, ಗೊಬ್ಬರದ ಜೊತೆ ಟ್ರಾಕ್ಟರ್ ಹತ್ತಿ, ರೈತನ ಹೊಲದಲ್ಲಿ ಇಳಿಯಿತು. ರೈತನಿಗೂ ಗೊತ್ತಿಲ್ಲ, ಮೇಸ್ತ್ರಿಗೂ ಗೊತ್ತಿಲ್ಲ.

ಮೊದಲು ಹೊಲದಿಂದ ಎರೆಹುಳುಗಳು ಮಾಯವಾದವು. ಆಮೇಲೆ ಎಲೆಯ ಅಂಚು ಹಳದಿಯಾಯಿತು. ಕಾಯಿಗಳು ಬೆರಳುದ್ದ ಬೆಳೆದು, ಸೊಟ್ಟಗಾಗಿ ಅಲ್ಲಿಗೇ ನಿಂತವು.

"ಗೊಬ್ಬರದಲ್ಲೇ ಏನೋ ಇದೆ ಕಣ್ರೀ. ಹೋಗಿ ಮೇಸ್ತ್ರಿಗೆ ಹೇಳಿ," ಎಂದಳು ಹೆಂಡತಿ.

"ಅನ್ನ ಕೊಟ್ಟ ಮನುಷ್ಯನಿಗೆ ಬೆರಳು ತೋರಿಸೋದಾ? ನಾಲಿಗೆಗೆ ಹುಳ ಬೀಳುತ್ತೆ."

"ಆ ಹುಳ ಹೊಲಕ್ಕಾದ್ರೂ ಬೀಳಲಿ. ಅಲ್ಲಿ ಒಂದೂ ಉಳಿದಿಲ್ಲ."

ರೈತನಿಗೆ ಮನಸ್ಸು ಬರಲಿಲ್ಲ. ಸೊಟ್ಟ ಕಾಯಿ ಒಯ್ದು ಆ ಮೇಸ್ತ್ರಿಯ ಮುಖ ಸಣ್ಣದು ಮಾಡುವುದು ಹೇಗೆ? ಬಾವಿಯ ಪಕ್ಕದ ತುಂಡಿಗೆ ಅವನು ಮೊದಲಿನಿಂದಲೂ ಮನೆಯ ದನದ ಗೊಬ್ಬರವನ್ನೇ ಹಾಕುತ್ತಿದ್ದ. ಅಲ್ಲಿನ ನಾಲ್ಕು ಬಳ್ಳಿಯ ನುಣುಪು ಕಾಯಿಗಳನ್ನು ಆರಿಸಿ ಬುಟ್ಟಿ ತುಂಬಿದ. ಸೊಟ್ಟದ್ದನ್ನೆಲ್ಲ ಹೊಂಡಕ್ಕೆ ಸುರಿದ. ಮೇಸ್ತ್ರಿ ಕಚ್ಚಿ, "ಹೊಲ ಹೇಗಿದೆ?" ಎಂದ. "ಬಂಗಾರ," ಎಂದ ರೈತ. ಬೇಡ ಎನ್ನಲಾರದೆ ಆ ಸಲದ ಗೊಬ್ಬರವನ್ನೂ ಹೇರಿಸಿಕೊಂಡು ಬಂದ.

ಮರುವರ್ಷವೂ ಅದೇ ಬಾವಿ ಪಕ್ಕದ ಕಾಯಿ, ಅದೇ ಬಂಗಾರ. ಆದರೆ ಅಂದು ಘಟಕದಲ್ಲಿ ಒಂದು ಟ್ರಾಕ್ಟರ್ ಗೊಬ್ಬರ ತುಂಬಿ ನಿಂತಿತ್ತು. ಯಾರಿಗೆ ಎಂದು ರೈತ ಕೇಳಿದ.

"ನನ್ನ ಮಗಳ ಹೊಲಕ್ಕೆ. ಎಳೇ ಕೂಸಿನ ಮನೆ, ತರಕಾರಿ ಬೆಳೆದುಕೊಳ್ಳಲಿ ಅಂತ," ಎಂದ ಮೇಸ್ತ್ರಿ, ಕಾಯಿ ಅಗಿಯುತ್ತ. "ಇಷ್ಟು ದಿನ ನನಗೇ ಧೈರ್ಯ ಇರಲಿಲ್ಲ. ಐದು ವರ್ಷ ನಿಮ್ಮ ಬುಟ್ಟಿ ನೋಡಿದ ಮೇಲೆ ಬಂತು."

ಟ್ರಾಕ್ಟರ್ ಗುರ್ ಎಂದಿತು. ಹೇಳಿದರೆ ಮೇಸ್ತ್ರಿಯ ಸ್ನೇಹ ಹೋಗುತ್ತದೆ. ಹೇಳದಿದ್ದರೆ ತನ್ನ ಹೊಲಕ್ಕೆ ಬಂದದ್ದು ಆ ಕೂಸಿನ ತಟ್ಟೆಗೆ ಹೋಗುತ್ತದೆ. ಅವನು ಓಡಿಹೋಗಿ ಗಾಡಿಯ ಮುಂದೆ ನಿಂತ.

"ಮೇಸ್ತ್ರಿಗಳೇ, ನೀವು ತಿಂತಿರೋದು ನಿಮ್ಮ ಗೊಬ್ಬರದ್ದಲ್ಲ. ಎರಡು ವರ್ಷದಿಂದ ಬುಟ್ಟಿ ಸುಳ್ಳು ಹೇಳ್ತಿದೆ," ಎಂದು ಎರೆಹುಳುವಿನಿಂದ ಹಿಡಿದು ಹೊಂಡದ ತನಕ ಎಲ್ಲ ಒದರಿಬಿಟ್ಟ. ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತ.

ಮೇಸ್ತ್ರಿ ಬಾಯಲ್ಲಿದ್ದದ್ದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಟ್ರಾಕ್ಟರ್ ನಿಲ್ಲಿಸಿ ಗೊಬ್ಬರ ಇಳಿಸಿದ. ಆಮೇಲೆ ಬಂದು ಹೇಳಿದ: "ಹೊಲ ಹೇಗಿದೆ ಅಂತ ನಾನು ಕೇಳ್ತಿದ್ದದ್ದು ಉಪಚಾರಕ್ಕಲ್ಲ ಯಜಮಾನ್ರೇ. ರಾಡಿಯೊಳಗೆ ಏನಿದೆ ಅಂತ ನೋಡೋ ಯಂತ್ರ ನನ್ನ ಹತ್ತಿರ ಇಲ್ಲ. ನಿಮ್ಮ ಹೊಲವೇ ನನ್ನ ಕಣ್ಣು. ಆ ಕಣ್ಣಿಗೆ ಬೆಣ್ಣೆ ಹಚ್ಚಿದ್ರಲ್ಲ."

ಅಷ್ಟು ಹೇಳಿ ರೈತನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. "ಇವತ್ತು ನನ್ನ ಮೊಮ್ಮಗುವನ್ನ ಕಾದ್ರಿ," ಎಂದ. ಬೈಗುಳಕ್ಕೆ ಸಿದ್ಧನಾಗಿದ್ದ ರೈತ ಇದಕ್ಕೆ ಸಿದ್ಧನಾಗಿರಲಿಲ್ಲ. ಗೊಬ್ಬರದ ರಾಶಿಯ ಪಕ್ಕದಲ್ಲೇ ಕುಕ್ಕರಿಸಿ ಅತ್ತ.

ಮೇಸ್ತ್ರಿ ಮಣ್ಣನ್ನೂ ರಾಡಿಯನ್ನೂ ಪರೀಕ್ಷೆಗೆ ಕಳಿಸಿದ. ಲೋಹ ಸಿಕ್ಕಿತು. ಚರಂಡಿಯ ಗುಂಟ ಒಂದೊಂದೇ ಮುಚ್ಚಳ ಎತ್ತಿಸಿ ನೀರಿನ ಪರೀಕ್ಷೆ ಮಾಡಿಸುತ್ತ ಹೋಗಿ ಕಾರ್ಖಾನೆಯ ಗೋಡೆ ಮುಟ್ಟಿದ. ಕೊಳವೆ ಮುಚ್ಚಿತು. ಅಂದಿನಿಂದ ಪರೀಕ್ಷೆಯಾಗದ ಗೊಬ್ಬರ ಘಟಕದ ಗೇಟು ದಾಟಲಿಲ್ಲ. ಆದರೆ ಮಣ್ಣಿಗೆ ಇಳಿದ ಲೋಹ ಮಣ್ಣಿನಲ್ಲೇ ಉಳಿಯಿತು. ಕೆಳಗಿನ ಹೊಲದಲ್ಲಿ ರೈತ ಮತ್ತೆ ಉಣ್ಣುವ ಬೆಳೆ ಹಾಕಲಿಲ್ಲ, ಕಟ್ಟಿಗೆಗೆಂದು ಸರ್ವೆ ಗಿಡ ನೆಟ್ಟ. ಗುಂಡಿ ತೋಡಲು ಮೇಸ್ತ್ರಿಯೇ ಬಂದ. ಮೇಸ್ತ್ರಿಯ ಮಗಳು ತನ್ನ ಹೊಲದಲ್ಲಿ ಅರ್ಧವನ್ನು ರೈತನಿಗೆ ಉಳಲು ಬಿಟ್ಟಳು.

ಆ ಹೊಲದ ಮೊದಲ ಕೊಯ್ಲನ್ನು ರೈತ ಈಗಲೂ ಮೇಸ್ತ್ರಿಗೆ ಒಯ್ಯುತ್ತಾನೆ. ಆದರೆ ಎರಡು ಬುಟ್ಟಿ. ಒಂದರಲ್ಲಿ ನುಣುಪು ಕಾಯಿ. ಇನ್ನೊಂದರಲ್ಲಿ ಸೊಟ್ಟ ಕಾಯಿ, ಹಳದಿ ಎಲೆ, ಒಂದು ಹಿಡಿ ಮಣ್ಣು. ಮೇಸ್ತ್ರಿ ಮೊದಲು ಕೈ ಹಾಕುವುದು ಎರಡನೆಯದಕ್ಕೆ.

ಗುರುಗಳು ಕತೆ ನಿಲ್ಲಿಸಿದರು.

"ಆ ರೈತ ಪುಣ್ಯವಂತ. ಬಂಗಾರದಂಥ ಕತೆ ಬುದ್ಧೀ," ಎಂದು ನಿಜಗುಣ ಕೈ ಮುಗಿದು ಮೆಲ್ಲಗೆ ಏಳಹೊರಟ. ಗುರುಗಳು ಅವನನ್ನು ತಡೆದರು:

"ಕೂತ್ಕೋ ನಿಜಗುಣ, ನನ್ನ ಪಾಠ ಬಂಗಾರ ಅಂತ ದಿನಾ ಹೇಳ್ತೀಯಲ್ಲ, ಇವತ್ತು ಆ ಎರಡನೆಯ ಬುಟ್ಟಿ ಇಳಿಸು."