ದನಿ ಗೋಡೆ ಬಿಡುವ ಜಾಗ

ಸಂಪತ್ಕುಮಾರರ ಮನೆ ನದಿಗೆ ಬೆನ್ನು ಹಾಕಿ ನಿಂತಿತ್ತು. ಭಾರಿ ಸ್ಪೀಕರುಗಳನ್ನು ಕೊಂಡು, ಕೊಂಡ ಮೇಲೂ ಹಾಡು ಹಾಡಿನಂತೆ ಕೇಳಿಸದೆ ಸೋತವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು.

ಅವರಿಗೆ ಒಬ್ಬನೇ ಶಿಷ್ಯ, ಧನಪಾಲ.

ಸ್ಪೀಕರು ಇಡಬೇಕಾದ ಜಾಗವನ್ನು ಕಿವಿಯಿಂದಲೇ ಹುಡುಕಿಕೊಡುವುದು ಅವರ ಕೆಲಸ. ಅದರ ಕ್ರಮವೇ ಬೇರೆ. ಮನೆಯವರು ಕೂತು ಹಾಡು ಕೇಳುವ ಕುರ್ಚಿಯಲ್ಲಿ ಗುರುಗಳು ಕೂರುವರು. ಕನ್ನಡಕ ತೆಗೆದು ಪಕ್ಕದಲ್ಲಿಟ್ಟು ಕಣ್ಣು ಮುಚ್ಚುವರು. ಶಿಷ್ಯ ಎದುರಿನ ಗೋಡೆಗೆ ಬೆನ್ನು ಆನಿಸಿ ನಿಂತು, ಮಾತಾಡುತ್ತ, ನಿಧಾನವಾಗಿ ಮುಂದೆ ಬರಬೇಕು. ಗೋಡೆಯ ಹತ್ತಿರ ದನಿ ದಪ್ಪಗಿರುತ್ತದೆ, ಗಡಿಗೆಯೊಳಗಿನಿಂದ ಬಂದಂತೆ. ಒಂದು ಜಾಗದಲ್ಲಿ ಅದು ಗೋಡೆಯ ಹಿಡಿತ ಬಿಡಿಸಿಕೊಂಡು ಬರಿಯ ಮನುಷ್ಯನ ದನಿಯಾಗುತ್ತದೆ. ಆಗ ಗುರುಗಳ ಬೆರಳು ಮೇಲೇಳುವುದು. ಅಲ್ಲಿ ಸೀಮೆಸುಣ್ಣದ ಗೆರೆ. ಅಲ್ಲಿ ಸ್ಪೀಕರು.

"ಏನು ಮಾತಾಡಲಿ?" ಎಂದು ಧನಪಾಲ ಮೊದಲ ದಿನ ಕೇಳಿದ್ದ.

"ನಿಜ ಮಾತಾಡು. ಸುಳ್ಳು ಹೇಳುವಾಗ ಗಂಟಲು ಬಿಗಿಯುತ್ತೆ. ಆ ದನಿ ನನಗೆ ಉಪಯೋಗಕ್ಕೆ ಬರಲ್ಲ."

"ಕಣ್ಣು ಯಾಕೆ ಮುಚ್ಚಬೇಕು?"

"ನೋಡ್ತಾ ಕೂತರೆ ಕಿವಿ ಕಣ್ಣಿನ ಮಾತು ಕೇಳುತ್ತೆ."

ಒಂದು ದಿನ ಟಿಂಬರ್ ವ್ಯಾಪಾರದ ನಜೀರ್ ಸಾಹೇಬರ ಮನೆಯಲ್ಲಿ ಕೆಲಸ. ಎದೆಯೆತ್ತರದ ಸ್ಪೀಕರುಗಳು. ಧನಪಾಲ ಗೋಡೆಯಿಂದ ಹೊರಟ.

"ಬೆಳಗ್ಗೆ ಉಪ್ಪಿಟ್ಟು ತಿಂದೆ. ಉಪ್ಪು ಕಮ್ಮಿ ಇತ್ತು. ಅಮ್ಮನಿಗೆ ಹೇಳಲಿಲ್ಲ. ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿದೆ. ಹೊಲಿಸಬೇಕು..."

ಬೆರಳು ಎದ್ದಿತು.

"ಎರಡು ಪೆಟ್ಟಿಗೆ ಇಡೋದಕ್ಕೆ ಇಡೀ ದಿನ ಬೇಕಾ ಸ್ವಾಮಿ?" ಸಾಹೇಬರು ನಕ್ಕರು. "ಅಷ್ಟರಲ್ಲಿ ನಮ್ಮ ಹುಡುಗರು ಲಾರಿಯನ್ನೇ ಖಾಲಿ ಮಾಡ್ತಾರೆ."

"ಇಡೋದು ಸುಲಭ ಸಾಹೇಬರೆ. ಕಣ್ಣು ಮುಚ್ಚಿದರೆ ಪೆಟ್ಟಿಗೆ ಎರಡೂ ಮಾಯವಾಗಿ, ಹಾಡುವವಳು ನಡುವೆ ಬಂದು ನಿಂತ ಹಾಗೆ ಕೇಳಬೇಕಲ್ಲ, ಅದಕ್ಕೆ ಹೊತ್ತು ಬೇಕು."

ಹಾಡು ಹಚ್ಚಿದರು. ಧನಪಾಲ ಕುರ್ಚಿಯ ಹಿಂದೆ ನಿಂತು ಕೇಳಿದ. ಹಾಡುವವಳು ಸರಿಯಾಗಿ ನಡುವೆ ಇದ್ದಳು.

"ಎಡಕ್ಕೆ ನಿಂತಿದ್ದಾಳೆ," ಎಂದರು ಗುರುಗಳು. "ಬಲಗಡೆಯದನ್ನು ಮುಂದಕ್ಕೆ ತಾ. ಇನ್ನೊಂದು ಬೆರಳಗಲ. ಇನ್ನೂ ಸ್ವಲ್ಪ. ಹಾಂ, ಸರಿಯಾಯಿತು."

ಸರಿಯಾಗಿರಲಿಲ್ಲ. ಹಾಡುವವಳು ಬಲಕ್ಕೆ ಜರುಗಿ ಸ್ಪೀಕರಿಗೆ ಒರಗಿದಂತಿದ್ದಳು.

ಹೋದ ದಸರಾದಿಂದ ಪ್ರತಿ ಮನೆಯಲ್ಲೂ ಹೀಗೆಯೇ ಆಗುತ್ತಿತ್ತು. ಗುರುಗಳ ಬಲಗಿವಿ ಮಂದವಾಗುತ್ತಿದೆ ಎಂದು ಧನಪಾಲನಿಗೆ ಗೊತ್ತಿತ್ತು. ಗುರುಗಳಿಗೆ ಗೊತ್ತಿರಲಿಲ್ಲ. ಆ ಕಿವಿಯನ್ನು ನಂಬಿ ಕಲಿತವನು ಆ ಕಿವಿಯೇ ಕೆಟ್ಟಿದೆ ಎಂದು ಯಾವ ಬಾಯಲ್ಲಿ ಹೇಳಿಯಾನು? ಗುರುಗಳು ಕಾರಿನತ್ತ ಹೋದ ಮೇಲೆ ವೈರು ಸುತ್ತುವ ನೆಪದಲ್ಲಿ ಹಿಂದೆ ಉಳಿಯುವನು. ಬಲಗಡೆಯ ಸ್ಪೀಕರಿಗೆ ಮಂಡಿ ಕೊಟ್ಟು ಗೆರೆಗೆ ವಾಪಸು ತಳ್ಳುವನು. ಮನೆಯವರು ಮೆಚ್ಚುವರು. ಗುರುಗಳ ಹೆಸರು ಉಳಿಯುವುದು.

ಇದನ್ನು ಅವನು ಗುರುಸೇವೆ ಎಂದೇ ತಿಳಿದಿದ್ದ.

ಅಂದೂ ಸಾಹೇಬರು ಒಳಗೆ ಚಹಾ ಹೇಳಲು ಹೋದಾಗ ಮಂಡಿ ಕೊಟ್ಟ. ತಳ್ಳಿ ತಿರುಗಿದರೆ ಬಾಗಿಲಲ್ಲಿ ಗುರುಗಳು. ಕುರ್ಚಿಯ ಪಕ್ಕದಲ್ಲಿ ಅವರ ಕನ್ನಡಕ ಉಳಿದಿತ್ತು.

ಅವರು ಕನ್ನಡಕ ಎತ್ತಿಕೊಳ್ಳಲಿಲ್ಲ. ಕೂತು ಕಣ್ಣು ಮುಚ್ಚಿದರು.

"ಹಾಡು ಹಚ್ಚು."

ಹಚ್ಚಿದ.

"ಎಲ್ಲಿ ನಿಂತಿದ್ದಾಳೆ?"

"ನಡುವೆ, ಗುರುಗಳೆ."

"ನನಗೆ ಎಡಕ್ಕೆ ಕಾಣ್ತಾಳೆ."

ಧನಪಾಲ ಹಾಡು ನಿಲ್ಲಿಸಿದ.

"ಯಾವಾಗಿನಿಂದ?"

"ಹೋದ ದಸರಾದಿಂದ."

ಸಾಹೇಬರು ಚಹಾ ತಂದರು. ಗುರುಗಳು ಕುಡಿದರು, ಚೆನ್ನಾಗಿದೆ ಎಂದರು.

ಮರುದಿನ ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ನರ ಸೋತಿದೆ ಎಂದರು. ತೊಂದರೆ ಶುರುವಾಗಿ ಎಷ್ಟು ಕಾಲವಾಯಿತು ಎಂದು ಕೇಳಿದರು. ಗುರುಗಳು ಶಿಷ್ಯನ ಕಡೆ ತಿರುಗಿದರು. ಉತ್ತರ ಅವನೇ ಕೊಡಬೇಕಾಯಿತು.

"ಆಗಲೇ ಬಂದಿದ್ದರೆ ಉಳಿಸಿಕೊಳ್ಳಬಹುದಿತ್ತೇನೋ," ಎಂದರು ಡಾಕ್ಟರು. "ಈಗ ಕಷ್ಟ."

ವಾಪಸು ಬರುವಾಗ ಇಬ್ಬರೂ ದಂಡೆಯ ಮೇಲೆ ನಡೆದರು. ಗುರುಗಳು ನಿಂತು ಕಣ್ಣು ಮುಚ್ಚಿದರು.

"ನದಿ ಯಾವ ಕಡೆ ಇದೆ?"

"ಬಲಗಡೆ."

"ನನಗೆ ಎಡಗಡೆ ಹರೀತಿದೆ."

ಧನಪಾಲ ಅಲ್ಲೇ ಅವರ ಕಾಲಿಗೆ ಬಿದ್ದ. "ನಿಮ್ಮ ಮನಸ್ಸು ನೋಯಿಸಬಾರದು ಅಂತ ಮಾಡಿದೆ."

"ನನಗೂ ಅನುಮಾನ ಬಂದಿತ್ತು ಕಣೋ," ಎಂದರು ಗುರುಗಳು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಧನಪಾಲನಿಗೆ ಹಗುರಾಗುತ್ತಿತ್ತು. "ಒಂದೊಂದು ಮನೆಗೂ ಫೋನು ಮಾಡಿ ಕೇಳ್ತಿದ್ದೆ, ಹಾಡುವವಳು ನಡುವೆ ಇದ್ದಾಳಾ ಅಂತ. ಎಲ್ಲರೂ ಕರಾರುವಾಕ್ಕು ನಡುವೆ ಅಂದರು. ಹಾಗಾದರೆ ಕಿವಿ ಚೆನ್ನಾಗಿದೆ, ಬರೀ ವಯಸ್ಸಿನ ಭಯ ಅಂದುಕೊಂಡು ಸುಮ್ಮನಾದೆ. ಏಳು."

ಮನೆಯಲ್ಲಿ ಗುರುಗಳು ತಮ್ಮ ಕುರ್ಚಿಯನ್ನು ತೋರಿಸಿದರು.

"ಕೂತ್ಕೋ."

"ಬೇಡ. ನನ್ನನ್ನು ಕಳಿಸಿಬಿಡಿ. ನಾನು ಆ ಕುರ್ಚಿಗೆ ಯೋಗ್ಯನಲ್ಲ."

"ನಿನ್ನ ಯೋಗ್ಯತೆ ಯಾರು ಕೇಳಿದರು? ಕಾಯ್ತಾ ಇರೋ ಮನೆಗಳಿವೆ. ಒಂದೇ ಕಿವಿಗೆ ನಡುವೆ ಅನ್ನೋದೇ ಇರಲ್ಲ. ಕೂತ್ಕೋ."

ಧನಪಾಲ ಕೂತ.

ಗುರುಗಳು ಎದುರಿನ ಗೋಡೆಗೆ ಬೆನ್ನು ಆನಿಸಿ ನಿಂತರು. ಅಲ್ಲಿ ಅವರು ನಿಂತದ್ದನ್ನು ಅವನು ಎಂದೂ ಕಂಡಿರಲಿಲ್ಲ. ನಿಧಾನವಾಗಿ, ಮಾತಾಡುತ್ತ, ಹೆಜ್ಜೆ ಎತ್ತಿಟ್ಟರು.

"ನನ್ನ ಬಲಗಿವಿ ಹೋಯಿತು. ನನ್ನ ಶಿಷ್ಯನಿಗೆ ಗೊತ್ತಿತ್ತು. ಅವನು ಹೇಳಲಿಲ್ಲ. ನಾನೂ ಅವನನ್ನು ಧೈರ್ಯವಾಗಿ ಹೇಳುವ ಹಾಗೆ ಇಟ್ಟುಕೊಂಡಿರಲಿಲ್ಲ. ಹೋದ ತಿಂಗಳು ಅಡುಗೆಮನೆಯಲ್ಲಿ ಕುಕ್ಕರು ಕೂಗಿದರೆ ಬೀದಿಯಲ್ಲಿ ಹುಡುಕಿದೆ. ಇವತ್ತು ನನಗೆ ಹೆದರಿಕೆಯಾಗಿದೆ..."

ಮಾತು ಬರುತ್ತಲೇ ಇತ್ತು. ನೆಲದ ಮೇಲಿನ ಹಳೆಯ ಸೀಮೆಸುಣ್ಣದ ಗೆರೆ ದಾಟಿತು. ಧನಪಾಲನ ಬೆರಳು ಏಳಲಿಲ್ಲ. ಕೊನೆಗೆ ಗುರುಗಳು ಅವನ ಮೊಣಕಾಲಿಗೆ ತಾಗಿ ನಿಂತರು.

"ದನಿ ಗೋಡೆ ಬಿಟ್ಟದ್ದು ಎಲ್ಲಿ?"

"ಗೊತ್ತಾಗಲಿಲ್ಲ, ಗುರುಗಳೆ." ಅವನ ಕೆನ್ನೆ ಒದ್ದೆಯಾಗಿತ್ತು. "ನಿಮ್ಮನ್ನೇ ನೋಡ್ತಾ ಇದ್ದೆ."

ಗುರುಗಳು ತಿರುಗಿ ಗೋಡೆಯತ್ತ ನಡೆದರು.

"ಮತ್ತೆ ಅಲ್ಲಿಂದ ಬರ್ತೀನಿ," ಎಂದರು. "ಈ ಸಲ ಕಣ್ಣು ಮುಚ್ಚಿಕೋ."